ಬಿಲ್ಡ್ 9 ನಿಮಿಷಕ್ಕೆ ಇಳಿಯಿತು, ಮಿಲ್‌ಗೆ ಹೋಗಿದ್ದು ಮಾತ್ರ ಹಳೇ ಪ್ರೋಗ್ರಾಮ್

ಪ್ರಶ್ನೆ: ಸರ್, ನಮಸ್ಕಾರ. ನಾನು ಗಂಗಾವತಿಯವನು. ಇಲ್ಲಿಯ ರೈಸ್ ಮಿಲ್‌ಗಳಿಗೆ ವೇಬ್ರಿಡ್ಜ್ ತೂಕ, ಲಾರಿ ಎಂಟ್ರಿ, ಬಿಲ್ಲಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುತ್ತೇನೆ. ಸಿ ಪ್ಲಸ್ ಪ್ಲಸ್, 14 ಫೋಲ್ಡರ್, ಯಾವುದನ್ನು ಹೇಗೆ ಕಂಪೈಲ್ ಮಾಡಬೇಕು ಅಂತ ಮೇಕ್ ಅನ್ನುವ ಟೂಲ್‌ಗೆ ಹೇಳುವ ಮೇಕ್‌ಫೈಲ್‌ಗಳೆಲ್ಲ ನಾನೇ ಬರೆದದ್ದು. ಬಿಲ್ಡ್ ಮಾಡಲು, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಮ್ ತಯಾರಿಸಲು, ಒಂದು ಶೆಲ್ ಸ್ಕ್ರಿಪ್ಟ್ (ಸಾಲಾಗಿ ಓಡುವ ಕಮಾಂಡ್‌ಗಳ ಫೈಲ್) ಇದೆ. ಮೊದಲು ಎಲ್ಲ ಫೋಲ್ಡರ್‌ನಲ್ಲೂ ಮೇಕ್ ಕ್ಲೀನ್ (ಹಿಂದೆ ತಯಾರಾದ ಫೈಲ್‌ಗಳನ್ನು ಅಳಿಸುವುದು), ಆಮೇಲೆ ಫಾರ್ ಲೂಪ್‌ನಲ್ಲಿ ಒಂದೊಂದಾಗಿ ಮೇಕ್, ಕೊನೆಗೆ ರಿಲೀಸ್ ಫೋಲ್ಡರನ್ನು ಟಾರ್ ಮಾಡುತ್ತದೆ, ಅಂದರೆ ಒಂದೇ ಫೈಲಾಗಿ ಕಟ್ಟುತ್ತದೆ. 22 ನಿಮಿಷ ಹಿಡಿಯುತ್ತಿತ್ತು. ಲ್ಯಾಪ್‌ಟಾಪ್ 4 ಕೋರ್, 8 ಥ್ರೆಡ್, 8 ಜಿಬಿ ರ್‍ಯಾಮ್, ಉಬುಂಟು 22.04. ಯಾರೋ ಹೇಳಿದರು ಅಂತ ಲೂಪ್‌ನೊಳಗಿನ ಮೇಕ್ ಸಾಲಿನ ಕೊನೆಗೆ & ಹಾಕಿದೆ, ಲೂಪ್ ಮುಗಿದ ಮೇಲೆ ವೇಟ್ ಹಾಕಿದೆ. ಒಂದು ಸಲಕ್ಕೆ ಎಂಟು ಕೆಲಸ ಓಡಲಿ ಅಂತ ಮೇಕ್‌ಗೂ -ಜೆ8 ಕೊಟ್ಟೆ. 9 ನಿಮಿಷಕ್ಕೆ ಇಳಿಯಿತು. ಆದರೆ ಮೂರು ತೊಂದರೆ. ಕೆಲವು ಸಲ ‘ವರ್ಷನ್.ಎಚ್ ಇಲ್ಲ’ ಅಂತ ಎರರ್ ಬರುತ್ತದೆ, ಮತ್ತೆ ಓಡಿಸಿದರೆ ಸರಿ. ಎರಡನೆಯದು, ಮೌಸ್ ಕೂಡ ಅಲ್ಲಾಡದ ಹಾಗೆ ಸಿಸ್ಟಮ್ ನಿಂತುಬಿಡುತ್ತದೆ, ಆಮೇಲೆ ‘ಕಿಲ್ಡ್’ ಅಂತ ಬರುತ್ತದೆ. ಮೂರನೆಯದು, ಹೋದ ವಾರ ಒಂದು ಫೋಲ್ಡರ್ ಫೇಲ್ ಆಗಿದ್ದರೂ ಸ್ಕ್ರಿಪ್ಟ್ ‘ಬಿಲ್ಡ್ ಆಯ್ತು’ ಅಂದಿತು. ಕಮಾಂಡ್ ಫೇಲ್ ಆದರೆ ಸ್ಕ್ರಿಪ್ಟನ್ನು ನಿಲ್ಲಿಸುವ ಸೆಟ್ -ಇ ಕೂಡ ಮೇಲೆ ಇದೆ. ಆ ಬಿಲ್ಡನ್ನೇ ಒಯ್ದು ಕಾರಟಗಿಯ ಮಿಲ್‌ನಲ್ಲಿ ಹಾಕಿ ಬಂದೆ. ಸಂಜೆ ಮಾಲೀಕರು ಫೋನ್ ಮಾಡಿ ‘ಹೊಸಾದು ಅಂದ್ರಿ, ಹಳೇ ಹಮಾಲಿ ರೇಟಾ ಬರಾಕತ್ತೈತಲ್ರೀ’ ಅಂದರು. ಒಬ್ಬ ಗೆಳೆಯ -ಜೆ ಹಾಕಿದರೆ ಬೈನರಿಯೇ ಕೆಡುತ್ತದೆ ಅನ್ನುತ್ತಾನೆ. ಇನ್ನೊಬ್ಬ ಕೋರ್‌ನ ಎರಡರಷ್ಟು ಕೊಡು ಅನ್ನುತ್ತಾನೆ. 16 ಜಿಬಿ ರ್‍ಯಾಮ್ ಹಾಕಿಸಿದರೆ ಎಲ್ಲ ಸರಿಹೋಗುತ್ತದಾ?

ಉತ್ತರ: ಪೂರ್ತಿ ವಿವರ ಕೊಟ್ಟು ಬರೆದಿದ್ದೀರಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಸಾಮಾನ್ಯವಾಗಿ ನನಗೆ ಬರುವುದು ‘ಸರ್ ಬಿಲ್ಡ್ ಸ್ಲೋ ಇದೆ’ ಅನ್ನುವ ಒಂದೇ ಸಾಲು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ನೀವು ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ನಿಮಗೆ ಕಾಣುತ್ತಿರುವುದು ಒಂದೇ ರೋಗ ಅಂತ ನಿಮ್ಮ ಗೆಳೆಯರಿಬ್ಬರೂ ಅಂದುಕೊಂಡಿದ್ದಾರೆ. ಮೂರೂ ಬೇರೆ ಬೇರೆ. ರ್‍ಯಾಮ್ ಹಾಕಿಸಿದರೆ ಎರಡನೆಯದು ಕಡಿಮೆ ಆಗಬಹುದು. ಮೊದಲನೆಯದಕ್ಕೂ ಮೂರನೆಯದಕ್ಕೂ ರ್‍ಯಾಮ್‌ಗೂ ಸಂಬಂಧವೇ ಇಲ್ಲ, 64 ಜಿಬಿ ಹಾಕಿದರೂ ಹಮಾಲಿ ರೇಟು ಹಳೆಯದೇ ಬರುತ್ತದೆ.

ಆ ಮೂರನೆಯದರಿಂದಲೇ ಶುರು ಮಾಡೋಣ. ಸ್ಲೋ ಬಿಲ್ಡ್‌ನಿಂದ ನಿಮ್ಮ ಟೈಮ್ ಹೋಗುತ್ತದೆ, ಸುಳ್ಳು ಹೇಳುವ ಬಿಲ್ಡ್‌ನಿಂದ ಗಿರಾಕಿ ಹೋಗುತ್ತಾರೆ.

ನೀವು ಕೊನೆಗೆ & ಹಾಕಿದಾಗ ಶೆಲ್ ಆ ಕೆಲಸವನ್ನು ಹಿಂದೆ ಬಿಟ್ಟು ತಾನು ಮುಂದಿನ ಸಾಲಿಗೆ ಹೋಗುತ್ತದೆ. ಆ ಕೆಲಸ ಆಮೇಲೆ ಫೇಲ್ ಆದರೂ ಸೆಟ್ -ಇ ಅದನ್ನು ನೋಡುವುದಿಲ್ಲ. ಅದು ನೋಡುವುದು ಶೆಲ್ ತಾನೇ ನಿಂತು ಮಾಡಿಸಿದ ಕೆಲಸಗಳನ್ನು ಮಾತ್ರ. ಸರಿ, ಕೊನೆಗೆ ವೇಟ್ ಇದೆಯಲ್ಲ ಅಂತ ಕೇಳಬಹುದು. ಬರೀ ವೇಟ್ ಅಂತ ಬರೆದರೆ ಅದು ಎಲ್ಲರೂ ಮುಗಿಸುವ ತನಕ ಕಾಯುತ್ತದೆ, ಆಮೇಲೆ ಯಾರು ಪಾಸು ಯಾರು ಫೇಲು ಅಂತ ಕೇಳದೆ ತಾನು ಸೊನ್ನೆ ವಾಪಸ್ ಕೊಡುತ್ತದೆ. ಸೊನ್ನೆ ಅಂದರೆ ಶೆಲ್ ಭಾಷೆಯಲ್ಲಿ ಎಲ್ಲ ಚೆನ್ನಾಗಿದೆ ಅಂತ. ನಿಮ್ಮ ಸ್ಕ್ರಿಪ್ಟ್ ಅದನ್ನೇ ನಂಬಿತು. ಬಿಲ್ಲಿಂಗ್ ಫೇಲ್ ಆಯಿತು, ಕೊನೆಯ ಪ್ರೋಗ್ರಾಮ್ ಲಿಂಕ್ ಆಗಲಿಲ್ಲ (ಕಂಪೈಲ್ ಆದ ತುಂಡುಗಳು ಒಂದಾಗಿ ಸೇರಲಿಲ್ಲ), ರಿಲೀಸ್ ಫೋಲ್ಡರ್‌ನಲ್ಲಿ ಹಿಂದಿನ ವಾರದ್ದು ಹಾಗೇ ಕೂತಿತ್ತು, ಟಾರ್ ಅದನ್ನೇ ಕಟ್ಟಿ ಕೊಟ್ಟಿತು. ಮೇಕ್ ಕ್ಲೀನ್ ಮಾಡಿದ್ದೆನಲ್ಲ ಅನ್ನಬೇಡಿ, ಕ್ಲೀನ್ ಮುಟ್ಟುವುದು ನಿಮ್ಮ 14 ಫೋಲ್ಡರ್‌ಗಳನ್ನು. ರಿಲೀಸ್ ಫೋಲ್ಡರನ್ನು ಯಾರೂ ಮುಟ್ಟಿಲ್ಲ.

ಬಳ್ಳಾರಿಯಲ್ಲಿ ನಮ್ಮ ಮನೆ ಹಿಂದಿನ ಓಣಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇದೆ. ಒಬ್ಬ ಕಟಿಂಗ್ ಮಾಸ್ಟರ್, ಹತ್ತು ಹನ್ನೆರಡು ಮಶೀನು, ಆಮೇಲೆ ಮಾಲು ವಾಷಿಂಗ್‌ಗೆ ಹೋಗುತ್ತದೆ. ಅಲ್ಲಿ ಹೊಸ ಲಾಟ್ ಶುರು ಮಾಡುವ ಮುಂಚೆ ಹಳೇ ಲಾಟಿನ ಬಂಡಲ್‌ಗಳನ್ನು ಕಣ್ಣಿಗೆ ಕಾಣದ ಕಡೆ ಎತ್ತಿಡುತ್ತಾರೆ. ಒಂದೇ ಒಂದು ಹಳೇ ಬಂಡಲ್ ಮೂಲೆಯಲ್ಲಿ ಉಳಿದರೂ ಯಾರೋ ಒಬ್ಬ ಟೇಲರ್ ಅದನ್ನೇ ಎತ್ತಿಕೊಂಡು ಹೊಲಿದುಬಿಡುತ್ತಾನೆ, ಪೀಸ್ ಲೆಕ್ಕ ಸರಿಯಾಗಿಯೇ ಬರುತ್ತದೆ, ಬಣ್ಣ ಬೇರೆ ಅಂತ ಗೊತ್ತಾಗುವುದು ಗಿರಾಕಿಯ ಅಂಗಡಿಯಲ್ಲಿ. ನಿಮಗೆ ಆದದ್ದು ಅದೇ.

ಸರಿಪಡಿಸುವುದು ಕಷ್ಟವಿಲ್ಲ. ಸ್ಕ್ರಿಪ್ಟಿನ ಮೊದಲ ಸಾಲುಗಳಲ್ಲೇ ರಿಲೀಸ್ ಫೋಲ್ಡರ್ ಖಾಲಿ ಮಾಡಿ. ಆಗ ಬಿಲ್ಡ್ ಫೇಲ್ ಆದರೆ ಟಾರ್‌ಗೆ ಕಟ್ಟಲು ಹಳೆಯದು ಸಿಗುವುದೇ ಇಲ್ಲ. ಆಮೇಲೆ ಪ್ರತಿ & ಆದ ಕೂಡಲೇ ಶೆಲ್ ಕೊಡುವ ಪ್ರೋಸೆಸ್ ನಂಬರನ್ನು, ಅಂದರೆ $! ಅನ್ನುವುದನ್ನು, ಒಂದು ಪಟ್ಟಿಗೆ ಸೇರಿಸುತ್ತಾ ಹೋಗಿ. ಕೊನೆಗೆ ಬರೀ ವೇಟ್ ಬದಲು ಆ ಪಟ್ಟಿಯ ಒಂದೊಂದು ನಂಬರಿಗೂ ಬೇರೆ ಬೇರೆ ವೇಟ್ ಮಾಡಿ. ನಂಬರ್ ಕೊಟ್ಟು ಕೇಳಿದರೆ ವೇಟ್ ಆ ಕೆಲಸದ ನಿಜವಾದ ಫಲಿತಾಂಶವನ್ನೇ ಹೇಳುತ್ತದೆ. ಒಂದಾದರೂ ಸೊನ್ನೆ ಅಲ್ಲದ್ದು ಬಂದರೆ ಎಣಿಸಿಟ್ಟುಕೊಂಡು, ಕೊನೆಯಲ್ಲಿ ಎಕ್ಸಿಟ್ 1. ಯಾವ ಫೋಲ್ಡರ್ ಅಂತ ಹೆಸರನ್ನೂ ಪ್ರಿಂಟ್ ಮಾಡಿಸಿ.

ಲೂಪ್ ಬೇಡ ಅನಿಸಿದರೆ ಎಕ್ಸ್‌ಆರ್ಗ್ಸ್ ಅನ್ನುವ ಕಮಾಂಡ್ ಇದೆ. ಫೋಲ್ಡರ್‌ಗಳ ಪಟ್ಟಿಯನ್ನು ಅದಕ್ಕೆ ಪೈಪ್ ಮಾಡಿ, ಒಂದೊಂದು ಮೇಕ್‌ಗೆ ಒಂದೇ ಫೋಲ್ಡರ್ ಹೋಗಲಿ ಅಂತ -ಎನ್1, ಜೊತೆಗೆ ದೊಡ್ಡಕ್ಷರದ -ಪಿ4 ಕೊಟ್ಟರೆ ಒಂದು ಸಲಕ್ಕೆ ನಾಲ್ಕೇ ಓಡುತ್ತವೆ, ಒಂದು ಮುಗಿದ ಕೂಡಲೇ ಮುಂದಿನದು. ಒಳಗಿನ ಯಾವುದೇ ಮೇಕ್ ಮಾಮೂಲಿ ರೀತಿ ಫೇಲ್ ಆದರೆ ಎಕ್ಸ್‌ಆರ್ಗ್ಸ್ 123 ವಾಪಸ್ ಕೊಡುತ್ತದೆ, ಹಾಗಾಗಿ ಸೆಟ್ -ಇ ಅದನ್ನು ಹಿಡಿಯುತ್ತದೆ. ಶೆಲ್‌ನಲ್ಲೇ ಇರಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇಲ್ಲಿ ಎರಡು ಹೊಂಡ ಇವೆ, ನೋಡಿ ಕಾಲಿಡಿ. ಬ್ಯಾಷ್ ಅನ್ನುವ ಶೆಲ್‌ನಲ್ಲಿ 4.3ರಿಂದ ವೇಟ್ -ಎನ್ ಅಂತ ಬಂದಿದೆ, ಯಾರು ಮೊದಲು ಮುಗಿಸುತ್ತಾರೋ ಅವರಿಗೆ ಮಾತ್ರ ಕಾಯುತ್ತದೆ, ತುಂಬ ಉಪಯೋಗ. ಆದರೆ ಉಬುಂಟುವಿನಲ್ಲಿ ಎಸ್‌ಎಚ್ ಅಂದರೆ ಬ್ಯಾಷ್ ಅಲ್ಲ, ಡ್ಯಾಷ್. ನೀವು ಮೊದಲ ಸಾಲಿನಲ್ಲಿ ಬ್ಯಾಷ್ ಅಂತ ಬರೆದಿದ್ದರೂ ‘ಎಸ್‌ಎಚ್ ಬಿಲ್ಡ್.ಎಸ್‌ಎಚ್’ ಅಂತ ಓಡಿಸಿದರೆ ಆ ಮೊದಲ ಸಾಲನ್ನು ಯಾರೂ ಕೇಳುವುದಿಲ್ಲ, ಡ್ಯಾಷ್‌ನಲ್ಲೇ ಓಡುತ್ತದೆ, ಅಲ್ಲಿ ವೇಟ್ -ಎನ್ ಇಲ್ಲ. ಇನ್ನೊಂದು, ಲಾಗ್ ಇರಲಿ ಅಂತ ಮೇಕ್ ಮುಂದೆ ಪೈಪ್ ಹಾಕಿ ಟೀಗೆ (ಸ್ಕ್ರೀನಿಗೂ ಫೈಲಿಗೂ ಬರೆಯುವ ಕಮಾಂಡ್) ಕಳಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹಾಗೆ ಮಾಡಿದರೆ ಶೆಲ್‌ಗೆ ಸಿಗುವುದು ಟೀ ಕೊಟ್ಟ ಫಲಿತಾಂಶ, ಮೇಕ್ ಕೊಟ್ಟದ್ದಲ್ಲ. ಟೀ ಯಾವತ್ತಾದರೂ ಫೇಲ್ ಆಗುತ್ತದಾ? ಸೆಟ್ -ಓ ಪೈಪ್‌ಫೇಲ್ ಅಂತ ಮೇಲೆ ಒಂದು ಸಾಲು ಸೇರಿಸಿ.

ಈಗ ವರ್ಷನ್.ಎಚ್ ವಿಷಯ. ನನ್ನ ಪ್ರಕಾರ ನಿಮ್ಮ ಇಡೀ ಕಥೆಯ ಗಂಟು ಇರುವುದು ಈ ಒಂದು ಫೈಲಿನಲ್ಲಿ.

ನೀವು ಹೇಳಿಲ್ಲ, ಆದರೆ ಊಹಿಸಬಲ್ಲೆ. ಕಾಮನ್ ಅನ್ನುವ ಥರದ ಒಂದು ಫೋಲ್ಡರ್ ಇದೆ, ಅದರ ಮೇಕ್ ಓಡಿದಾಗ ಒಂದು ಸಣ್ಣ ಸ್ಕ್ರಿಪ್ಟ್ ವರ್ಷನ್.ಎಚ್ ಅನ್ನುವ ಹೆಡರ್ (ಬೇರೆ ಸೋರ್ಸ್ ಫೈಲ್‌ಗಳು ಒಳಗೆ ಸೇರಿಸಿಕೊಳ್ಳುವ ಫೈಲ್) ತಯಾರು ಮಾಡುತ್ತದೆ, ಉಳಿದ 13 ಫೋಲ್ಡರ್‌ಗಳು ಅದನ್ನು ಇನ್‌ಕ್ಲೂಡ್ ಮಾಡುತ್ತವೆ. ಹಳೇ ಲೂಪ್‌ನಲ್ಲಿ ಕಾಮನ್ ಮೊದಲನೆಯದು. ಹಾಗಾಗಿ ಉಳಿದವರ ಸರದಿ ಬರುವ ಹೊತ್ತಿಗೆ ಫೈಲ್ ತಯಾರಿರುತ್ತಿತ್ತು. ಆದರೆ ‘ಇದು ಆಗುವ ತನಕ ಅದು ಕಾಯಬೇಕು’ ಅಂತ ನೀವು ಎಲ್ಲೂ ಬರೆದಿರಲಿಲ್ಲ. ಅದು ನಿಮ್ಮ ತಲೆಯಲ್ಲಿತ್ತು, ಲೂಪ್‌ನ ಸಾಲಿನಲ್ಲಿ ತಾನಾಗೇ ನಡೆದುಹೋಗುತ್ತಿತ್ತು. & ಹಾಕಿದ ದಿನ ಆ ಸಾಲು ಹೋಯಿತು. ಕಟಿಂಗ್ ಮಾಸ್ಟರ್ ಬಟ್ಟೆಗೆ ಚಾಕ್ ಹಾಕುವ ಮುಂಚೆಯೇ ಹದಿಮೂರು ಜನ ಮಶೀನಿನ ಮುಂದೆ ಕೂತು ಪೀಸ್ ಎಲ್ಲಿ ಪೀಸ್ ಎಲ್ಲಿ ಅನ್ನುತ್ತಿದ್ದಾರೆ. ಕೆಲವು ದಿನ ಮಾಸ್ಟರ್ ಫಾಸ್ಟ್ ಇರುತ್ತಾನೆ, ಕೆಲಸ ಆಗುತ್ತದೆ. ಕೆಲವು ದಿನ ಇಲ್ಲ. ಎರಡನೇ ಸಲ ಓಡಿಸಿದಾಗ ಸರಿಹೋಗುವುದೂ ಅದೇ ಅದೃಷ್ಟ, ಆ ಸಲ ಮಾಸ್ಟರ್ ಮೊದಲು ಮುಗಿಸಿರುತ್ತಾನೆ.

ಅಂದ ಮೇಲೆ ಗೆಳೆಯರ ಮೊದಲ ಮಾತಿಗೆ ಉತ್ತರ ಸಿಕ್ಕಿತು. -ಜೆ ಬೈನರಿಯನ್ನು ಕೆಡಿಸುವುದಿಲ್ಲ. ಒಂದು ಸೋರ್ಸ್ ಫೈಲನ್ನು ಕಂಪೈಲರ್ ಒಂಟಿಯಾಗಿ ಮಾಡಿದರೂ ಪಕ್ಕದಲ್ಲಿ ಇನ್ನೂ ಮೂರು ನಡೆಯುತ್ತಿದ್ದರೂ ಅದು ಕೊಡುವ ಆಬ್ಜೆಕ್ಟ್ ಫೈಲ್ ಅದೇ. ಕೆಡುವುದು ಯಾರು ಯಾರಿಗೆ ಕಾಯಬೇಕು ಅಂತ ಬರೆದಿಡದೆ ಇದ್ದಾಗ. ಆ ತಪ್ಪು ನಿಮ್ಮ ಮೇಕ್‌ಫೈಲ್‌ನಲ್ಲಿ ಮೊದಲಿಂದಲೂ ಇತ್ತು, -ಜೆ ಅದನ್ನು ಬೆಳಕಿಗೆ ತಂದಿತು ಅಷ್ಟೇ. ಗೆಳೆಯನಿಗೆ ಎಲ್ಲೋ ಇದೇ ಅನುಭವ ಆಗಿರುತ್ತದೆ, ಸುಮ್ನೆ -ಜೆ ಮೇಲೆ ಹಾಕಿದ್ದಾರೆ.

ಮಾಡಬೇಕಾದದ್ದು: ಎಲ್ಲ ಫೋಲ್ಡರ್‌ಗಳ ಮೇಲೆ ಒಂದು ದೊಡ್ಡ ಮೇಕ್‌ಫೈಲ್ ಬರೆಯಿರಿ. 14 ಫೋಲ್ಡರ್‌ಗಳೂ ಅದರಲ್ಲಿ 14 ಟಾರ್ಗೆಟ್, ಅಂದರೆ ಮೇಕ್ ಮಾಡಿ ಮುಗಿಸಬೇಕಾದ 14 ಕೆಲಸ. ಫೋಲ್ಡರಿನ ಹೆಸರೇ ಟಾರ್ಗೆಟ್ ಆಗುವುದರಿಂದ ಅವುಗಳನ್ನು ‘.ಫೋನಿ’ ಅಂತ ಸಾರಬೇಕು. ಇಲ್ಲದಿದ್ದರೆ ಫೋಲ್ಡರ್ ಇದೆಯಲ್ಲ, ಕೆಲಸ ಮುಗಿದಿದೆ ಅಂತ ಮೇಕ್ ಕೈಕಟ್ಟಿ ಕೂರುತ್ತದೆ. ಹೆಡರ್ ತಯಾರಿಸುವುದು ಬೇರೆ ಟಾರ್ಗೆಟ್, 14 ಫೋಲ್ಡರ್‌ಗಳೂ ಅದಕ್ಕೆ ಕಾಯಬೇಕು. ಕೊನೆಯ ಆ್ಯಪ್ ಫೋಲ್ಡರ್ ಉಳಿದ 13ಕ್ಕೂ ಕಾಯಬೇಕು. ಈಗ ನಿಮ್ಮ ಆ್ಯಪ್ ಲಿಂಕ್ ಆಗುತ್ತಿರುವುದು ಬರೀ ಅದೃಷ್ಟದ ಮೇಲೆ, ಅದರ ಕಂಪೈಲ್ ಎಲ್ಲಕ್ಕಿಂತ ಉದ್ದ ಇರುವುದರಿಂದ ಅದು ಮುಗಿಯುವ ಹೊತ್ತಿಗೆ ಉಳಿದ ಲೈಬ್ರರಿಗಳು ತಯಾರಿರುತ್ತವೆ. ನಾಳೆ ಬಿಲ್ಲಿಂಗ್ ಫೋಲ್ಡರ್ ದಪ್ಪಗಾದರೆ ಆ ಅದೃಷ್ಟವೂ ಹೋಯಿತು.

ವರ್ಷನ್.ಎಚ್ ಬರೆಯುವ ಸ್ಕ್ರಿಪ್ಟ್ ನೇರವಾಗಿ ಆ ಫೈಲಿಗೇ ಬರೆಯುತ್ತಿದ್ದರೆ ಅದನ್ನೂ ಬದಲಿಸಿ. ಅದು ಅರ್ಧ ಬರೆದಿರುವಾಗ ಇನ್ನೊಬ್ಬರು ಓದಿಬಿಡಬಹುದು. ಪಕ್ಕದಲ್ಲಿ ಬೇರೆ ಹೆಸರಲ್ಲಿ ಪೂರ್ತಿ ಬರೆದು ಆಮೇಲೆ ಎಂವಿ ಮಾಡಿ. ಒಂದೇ ಡಿಸ್ಕ್ ಪಾರ್ಟಿಷನ್ ಒಳಗೆ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುವ ಕೆಲಸ, ಓದುವವರಿಗೆ ಹಳೆಯದು ಸಿಗಬಹುದು, ಹೊಸದು ಸಿಗಬಹುದು, ಅರ್ಧಂಬರ್ಧ ಮಾತ್ರ ಸಿಗುವುದಿಲ್ಲ.

ಇಂಥ ತಪ್ಪು ಇನ್ನೆಷ್ಟಿವೆ ಅಂತ ಹುಡುಕಲು ನಾನು ಮಾಡುವ ಒಂದು ಕಿತಾಪತಿ ಇದೆ. ಹೆಡರ್ ತಯಾರಿಸುವ ಸ್ಕ್ರಿಪ್ಟಿನ ಮೊದಲ ಸಾಲಿಗೆ ಸ್ಲೀಪ್ 10 ಹಾಕಿ, ಇರುವ ಹಳೇ ಹೆಡರ್ ಅಳಿಸಿ, ಬಿಲ್ಡ್ ಓಡಿಸಿ. ಯಾರಿಗೆ ಕಾಯುವ ಬುದ್ಧಿ ಹೇಳಿಕೊಟ್ಟಿಲ್ಲವೋ ಅವರು ಆ ಹತ್ತು ಸೆಕೆಂಡಿನಲ್ಲಿ ಎಗರಿ ಬಿದ್ದು ಎರರ್ ಕೊಡುತ್ತಾರೆ. ಒಬ್ಬೊಬ್ಬರನ್ನೇ ಸರಿ ಮಾಡುತ್ತಾ ಬನ್ನಿ. ಗ್ನೂ ಮೇಕ್ 4.4ರಲ್ಲಿ, ಅದು 2022ರದ್ದು, --ಶಫಲ್ ಅಂತಲೇ ಒಂದು ಆಯ್ಕೆ ಬಂದಿದೆ, ಸರದಿಯನ್ನು ಬೇಕಂತಲೇ ಕಲೆಸಿ ಓಡಿಸುತ್ತದೆ. ನಿಮ್ಮ ಉಬುಂಟು 22.04ರಲ್ಲಿ ಬರುವುದು 4.3, ಅದರಲ್ಲಿ ಇಲ್ಲ. ಸ್ಲೀಪ್ ಸಾಕು.

ಇನ್ನು ಸಿಸ್ಟಮ್ ನಿಲ್ಲುವ ವಿಷಯ. ಲೆಕ್ಕ ಹಾಕಿದ್ದೀರಾ? 14 ಫೋಲ್ಡರ್ ಒಟ್ಟಿಗೆ ಶುರು, ಪ್ರತಿಯೊಂದಕ್ಕೂ -ಜೆ8. 14 ಎಂಟಲ 112. ನಾಲ್ಕು ಕೋರಿನ, 8 ಜಿಬಿಯ ಲ್ಯಾಪ್‌ಟಾಪ್ ಮೇಲೆ 112 ಕಂಪೈಲರ್‌ಗಳವರೆಗೆ ಎದ್ದು ನಿಲ್ಲಬಹುದು. ಸಿ ಪ್ಲಸ್ ಪ್ಲಸ್‌ನಲ್ಲಿ ಬೂಸ್ಟ್‌ನಂಥ ಟೆಂಪ್ಲೇಟ್ ತುಂಬಿದ ಲೈಬ್ರರಿ ಬಳಸಿದರೆ ಒಂದು ಫೈಲ್ ಕಂಪೈಲ್ ಆಗಲು ಅರ್ಧದಿಂದ ಒಂದು ಜಿಬಿ ನುಂಗುವುದು ನಾನು ಎಷ್ಟೋ ಸಲ ನೋಡಿದ್ದೇನೆ. ರ್‍ಯಾಮ್ ತುಂಬಿದ ಕೂಡಲೇ ಲಿನಕ್ಸ್ ಸ್ವಾಪ್‌ಗೆ, ಅಂದರೆ ಮೆಮೊರಿ ಬದಲು ಡಿಸ್ಕಿಗೆ, ಹೋಗುತ್ತದೆ, ಆಗ ಮೌಸ್ ನಿಲ್ಲುತ್ತದೆ. ಅದೂ ಸಾಲದಾದಾಗ ಕರ್ನಲ್ ಒಬ್ಬರನ್ನು ಆರಿಸಿ ಕೊಲ್ಲುತ್ತದೆ. ಅದೇ ನಿಮಗೆ ಕಂಡ ‘ಕಿಲ್ಡ್’. ಸುಡೋ ಹಾಕಿ ಡಿಮೆಸೇಜ್ ಕಮಾಂಡ್ ನೋಡಿದರೆ ‘ಔಟ್ ಆಫ್ ಮೆಮೊರಿ’ ಅಂತ ಸಾಲು ಸಿಗುತ್ತದೆ, ಯಾರನ್ನು ಕೊಂದೆ ಅಂತ ಹೆಸರು ಸಮೇತ.

ನಗಬೇಡಿ, ನಾನೂ ಇದನ್ನು ಮಾಡಿದವನೇ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಎಲ್ಲರೂ ಹಂಚಿಕೊಳ್ಳುವ ಬಿಲ್ಡ್ ಸರ್ವರ್ ಮೇಲೆ ರಾತ್ರಿ ಹನ್ನೊಂದಕ್ಕೆ ಮೇಕ್ -ಜೆ ಅಂತ ಹೊಡೆದೆ, ನಂಬರ್ ಹಾಕುವುದು ಮರೆತು. ನಂಬರ್ ಇಲ್ಲದ -ಜೆ ಅಂದರೆ ಮಿತಿಯೇ ಇಲ್ಲ ಅಂತ ಅರ್ಥ, ಎಷ್ಟು ಕೆಲಸ ತಯಾರಿದೆಯೋ ಅಷ್ಟನ್ನೂ ಒಟ್ಟಿಗೆ ಬಿಡುತ್ತದೆ. ಆ ಮಶೀನ್ ಮತ್ತೆ ಮಾತಾಡಿದ್ದು ಬೆಳಗ್ಗೆ ಯಾರೋ ಹೋಗಿ ಪವರ್ ಬಟನ್ ಒತ್ತಿದ ಮೇಲೆ. ಅದರ ಮೇಲೆ ಇನ್ನೂ ಏಳು ಜನರ ಕೆಲಸ ಓಡುತ್ತಿತ್ತು.

ಹಾಗಾದರೆ ನಂಬರ್ ಎಷ್ಟಿರಬೇಕು? ಕೋರಿನ ಎರಡರಷ್ಟು ಅನ್ನುವುದು ಹಳೇ ಕಾಲದ ಲೆಕ್ಕ. ಡಿಸ್ಕ್ ನಿಧಾನ ಇದ್ದಾಗ ಒಂದು ಕಂಪೈಲರ್ ಡಿಸ್ಕಿಗೆ ಕಾಯುವ ಹೊತ್ತಿನಲ್ಲಿ ಇನ್ನೊಂದು ಓಡಲಿ ಅಂತ ಒಂದಿಷ್ಟು ಜಾಸ್ತಿ ಕೊಡುತ್ತಿದ್ದರು. ನಿಂಜಾ ಅನ್ನುವ ಬಿಲ್ಡ್ ಟೂಲ್ ಈಗಲೂ ತಾನಾಗಿ ಥ್ರೆಡ್‌ಗಳ ಸಂಖ್ಯೆಗೆ ಎರಡು ಸೇರಿಸಿಕೊಳ್ಳುತ್ತದೆ, ಎರಡರಷ್ಟಲ್ಲ, ಎರಡು ಅಷ್ಟೇ. ಆದರೆ ನಿಮ್ಮ ಮಶೀನಿನಲ್ಲಿ ಮಿತಿ ಹಾಕುತ್ತಿರುವುದು ಕೋರ್ ಅಲ್ಲ, ರ್‍ಯಾಮ್. ಹಾಗಾಗಿ ಅದನ್ನೇ ಅಳೆಯಿರಿ. /ಯುಎಸ್‌ಆರ್/ಬಿನ್/ಟೈಮ್ -ವಿ ಅಂತ ಮುಂದೆ ಹಾಕಿ ಮೇಕ್ -ಜೆ1 ಓಡಿಸಿ. ಶೆಲ್‌ನ ಸ್ವಂತ ಟೈಮ್ ಬೇರೆ, ಪೂರ್ತಿ ದಾರಿ ಕೊಡಿ, ಆ ಕಮಾಂಡ್ ನಿಮ್ಮಲ್ಲಿ ಇಲ್ಲದಿದ್ದರೆ ಟೈಮ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಕೊನೆಗೆ ಬರುವ ಪಟ್ಟಿಯಲ್ಲಿ ‘ಮ್ಯಾಕ್ಸಿಮಮ್ ರೆಸಿಡೆಂಟ್ ಸೆಟ್ ಸೈಜ್’ ಅನ್ನುವ ಸಾಲು ಇಡೀ ಬಿಲ್ಡ್‌ನಲ್ಲಿ ಅತಿ ಜಾಸ್ತಿ ತಿಂದ ಒಂದು ಪ್ರೋಸೆಸ್ ಎಷ್ಟು ತಿಂದಿತು ಅಂತ ಕೆಬಿಯಲ್ಲಿ ಹೇಳುತ್ತದೆ. ಅದು 900 ಎಂಬಿ ಬಂತು ಅಂತಿಟ್ಟುಕೊಳ್ಳಿ. ಬ್ರೌಸರ್, ಎಡಿಟರ್, ಉಬುಂಟು ಸೇರಿ 3 ಜಿಬಿ ಹೋದರೆ ನಿಮಗೆ ಉಳಿದದ್ದು 5. ಅಂದರೆ ಐದು ಕಂಪೈಲರ್ ಹಿಡಿಸಬಹುದು, ಉಸಿರಾಡಲು ಜಾಗ ಬಿಟ್ಟು -ಜೆ4. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದಿಟ್ಟಿರುವ ದಿನ -ಜೆ3.

ಲಿಂಕ್ ಮಾಡುವಾಗ ಇನ್ನೂ ಜಾಸ್ತಿ ಬೇಕಾಗುತ್ತದೆ, ಅದರಲ್ಲೂ -ಜಿ ಹಾಕಿ ಡಿಬಗ್ ಮಾಹಿತಿ ಇಟ್ಟುಕೊಂಡಿದ್ದರೆ. ಅದೃಷ್ಟಕ್ಕೆ ನಿಮ್ಮಲ್ಲಿ ದೊಡ್ಡ ಲಿಂಕ್ ಒಂದೇ.

ಆ ನಂಬರ್ ಒಂದೇ ಜಾಗದಲ್ಲಿ ಇರಬೇಕು ಅನ್ನುವುದು ಮುಖ್ಯ. ಮೇಲಿನ ದೊಡ್ಡ ಮೇಕ್‌ಫೈಲ್ ಒಳಗಿಂದ ಫೋಲ್ಡರ್‌ಗಳ ಮೇಕ್ ಕರೆಯುವಾಗ ಬರೀ ಮೇಕ್ ಅಂತ ಬರೆಯಬೇಡಿ, $(ಮೇಕ್) ಅಂತ ದೊಡ್ಡಕ್ಷರದಲ್ಲಿ ಬರೆಯಿರಿ, ಜೊತೆಗೆ -ಜೆ ಕೊಡಬೇಡಿ. ಆಗ ಗ್ನೂ ಮೇಕ್ ತನ್ನ ಜಾಬ್‌ಸರ್ವರ್ ಅನ್ನುವ ವ್ಯವಸ್ಥೆಯಲ್ಲಿ ನಾಲ್ಕು ಕೆಲಸಕ್ಕೆ ಲೆಕ್ಕದ ಟೋಕನ್ ಇಟ್ಟುಕೊಂಡು ಒಳಗಿನ ಎಲ್ಲ ಮೇಕ್‌ಗಳಿಗೂ ಹಂಚುತ್ತದೆ. ಟೋಕನ್ ಸಿಕ್ಕವನು ಕೆಲಸ ಮಾಡಬೇಕು, ಮುಗಿದ ಮೇಲೆ ವಾಪಸ್ ಇಡಬೇಕು. ಒಳಗೆ 14 ಮೇಕ್ ಇದ್ದರೂ ಒಟ್ಟು ಓಡುವುದು ನಾಲ್ಕೇ. ‘ಜಾಬ್‌ಸರ್ವರ್ ಅನ್‌ಅವೈಲಬಲ್’ ಅಂತ ವಾರ್ನಿಂಗ್ ಬಂದರೆ ಎಲ್ಲೋ ಒಂದು ಕಡೆ ಬರೀ ಮೇಕ್ ಅಂತ ಬರೆದಿದ್ದೀರಿ ಅಂತ ಅರ್ಥ. ಶೆಲ್ ಲೂಪ್‌ನಲ್ಲಿ & ಹಾಕಿ ಬಿಟ್ಟ ಮೇಕ್‌ಗಳಿಗೆ ಈ ಹಂಚಿಕೆ ಇಲ್ಲ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ನಾನು ಶೆಲ್ ಲೂಪ್‌ಗಿಂತ ಒಂದು ದೊಡ್ಡ ಮೇಕ್‌ಫೈಲ್ ಕಡೆ ನಿಮ್ಮನ್ನು ಎಳೆಯುತ್ತಿರುವುದು ಇದಕ್ಕೇ. ಹಾಗೆ ಮಾಡಿದರೆ ನಿಮ್ಮ ಶೆಲ್ ಸ್ಕ್ರಿಪ್ಟ್ ಮೂರು ಸಾಲಿಗೆ ಇಳಿಯುತ್ತದೆ, ರಿಲೀಸ್ ಖಾಲಿ ಮಾಡು, ಮೇಕ್ -ಜೆ4, ಟಾರ್. & ಇಲ್ಲ, ವೇಟ್ ಇಲ್ಲ, ಸೆಟ್ -ಇ ತನ್ನ ಕೆಲಸ ತಾನು ಮಾಡುತ್ತದೆ. ಮೇಲೆ ಹೇಳಿದ ಪ್ರೋಸೆಸ್ ನಂಬರಿನ ಪಟ್ಟಿ, ಎಕ್ಸ್‌ಆರ್ಗ್ಸ್ ಎಲ್ಲ ಅಲ್ಲಿಯ ತನಕದ ತಾತ್ಕಾಲಿಕ ಉಪಾಯ. ನಾಲ್ಕು ಜನ ಒಟ್ಟಿಗೆ ಮಾತಾಡಿ ಸ್ಕ್ರೀನ್ ಮೇಲೆ ಎರರ್‌ಗಳು ಕಲಸುಮೇಲೋಗರ ಆದರೆ ದೊಡ್ಡಕ್ಷರದ -ಓ ಸೇರಿಸಿ, ಒಂದೊಂದು ಕೆಲಸದ ಔಟ್‌ಪುಟ್ ಒಟ್ಟಾಗಿ ಬರುತ್ತದೆ.

-ಎಲ್ ಹಾಕಿ ಲೋಡ್ ನೋಡಿ ನಿಲ್ಲಿಸಬಹುದು ಅಂತಲೂ ಕೆಲವರು ಹೇಳುತ್ತಾರೆ. ಲೋಡ್ ಸರಾಸರಿ ತಡವಾಗಿ ಏರುತ್ತದೆ, ರ್‍ಯಾಮ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ನಿಮ್ಮ ಕೇಸಿಗೆ ಅದು ಕಾವಲು ಅಲ್ಲ.

ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ ಇನ್ನೊಂದು ಮಾತು. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರು, ಗಂಗಾವತಿ ಎಲ್ಲ ಕಡೆ 40 ಡಿಗ್ರಿ ದಾಟುತ್ತದೆ. ತೆಳ್ಳಗಿನ ಲ್ಯಾಪ್‌ಟಾಪ್ ಅಂಥ ಮಧ್ಯಾಹ್ನ ಎರಡು ಮೂರು ನಿಮಿಷ ಪೂರ್ತಿ ಓಡಿದರೆ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನನ್ನದರಲ್ಲಿ ಬೇಸಿಗೆಯಲ್ಲಿ -ಜೆ4ಗೂ -ಜೆ8ಗೂ ವ್ಯತ್ಯಾಸವೇ ಕಾಣುವುದಿಲ್ಲ, ಜನವರಿಯಲ್ಲಿ ಕಾಣುತ್ತದೆ. ಬೆಳಗ್ಗೆ ಅಳೆದ ನಿಮಿಷವನ್ನು ಮಧ್ಯಾಹ್ನದ ಜೊತೆ ಹೋಲಿಸಿ ಹೊಸ ಫ್ಲ್ಯಾಗ್ ಕೆಲಸ ಮಾಡಲಿಲ್ಲ ಅಂತ ತೀರ್ಮಾನ ಮಾಡಬೇಡಿ. ಹಾಸಿಗೆ ಮೇಲೆ ಇಟ್ಟುಕೊಂಡು ಬಿಲ್ಡ್ ಮಾಡುವ ಅಭ್ಯಾಸ ಇದ್ದರೆ ಅದನ್ನು ಮೊದಲು ಬಿಡಿ.

ಕರೆಂಟ್ ಹೋಗುವುದೂ ಅಷ್ಟೇ. ಡೆಸ್ಕ್‌ಟಾಪ್ ಮೇಲೆ ಬಿಲ್ಡ್ ಮಾಡುವವರು ಕೇಳಿ. ಕಂಟ್ರೋಲ್-ಸಿ ಒತ್ತಿದರೆ ಮೇಕ್ ಅರ್ಧ ಆದ ಟಾರ್ಗೆಟ್‌ಗಳನ್ನು ತಾನೇ ಅಳಿಸುತ್ತದೆ, ಕರೆಂಟ್ ಹೋದರೆ ಅಳಿಸಲು ಯಾರಿದ್ದಾರೆ? ಖಾಲಿ ಅಥವಾ ಅರ್ಧ ಆಬ್ಜೆಕ್ಟ್ ಫೈಲ್ ಹೊಸ ಟೈಮ್ ಹೊತ್ತುಕೊಂಡು ಕೂತಿರುತ್ತದೆ, ಮೇಕ್ ಅದನ್ನು ಹೊಸದು ಅಂತ ನಂಬುತ್ತದೆ. -ಜೆ4 ಇದ್ದರೆ ಅಂಥವು ನಾಲ್ಕು. ಪವರ್ ಕಟ್ ಆದ ಮೇಲೆ ಒಂದು ಸಲ ಕ್ಲೀನ್ ಮಾಡಿ. ಅದು ಕ್ಲೀನ್‌ಗೆ ನ್ಯಾಯವಾದ ಕಾರಣ.

ಕ್ಲೀನ್ ಅಂದಾಗ ನೆನಪಾಯಿತು, ನಿಜವಾದ ಪ್ರಶ್ನೆ ಇದು. ನೀವು ಪ್ರತಿ ಸಲ ಎಲ್ಲವನ್ನೂ ಕ್ಲೀನ್ ಮಾಡುವುದು ಏಕೆ? ನನಗೆ ಗೊತ್ತು ಏಕೆ ಅಂತ. ಯಾವತ್ತೋ ಒಂದು ಸಲ ಹೆಡರ್ ಬದಲಿಸಿದ್ದೀರಿ, ಅದನ್ನು ಬಳಸುವ ಫೈಲ್ ಮತ್ತೆ ಕಂಪೈಲ್ ಆಗಲಿಲ್ಲ, ಅರ್ಧ ದಿನ ತಲೆ ಕೆಟ್ಟಿತು, ಅವತ್ತಿನಿಂದ ಮೇಕ್ ಮೇಲೆ ನಂಬಿಕೆ ಹೋಯಿತು. ತಮಾಷೆ ಏನು ಗೊತ್ತಾ, ಮೇಕ್ ಹುಟ್ಟಿದ್ದೇ ಇಂಥ ಗೋಳಿನಿಂದ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ಬರೆದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಬಗ್ ಸರಿ ಮಾಡಿ, ಆ ಫೈಲ್ ಮತ್ತೆ ಕಂಪೈಲ್ ಮಾಡುವುದು ಮರೆತು, ಸರಿಯಾಗೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಒಂದು ಬೆಳಗ್ಗೆ ಪೂರ್ತಿ ಕಳೆದುಕೊಂಡು ರೇಗಾಡಿದ್ದರು. ನಿಮ್ಮ ಕಾರಟಗಿ ಕಥೆಯ ಅಣ್ಣನೇ ಅದು.

22 ನಿಮಿಷದ ಪೂರ್ತಿ ಬಿಲ್ಡ್ ದಿನಕ್ಕೆ ಹತ್ತು ಸಲ ಬೇಕಾಗಿಯೇ ಇಲ್ಲ. ಲೆಕ್ಕ ನೋಡಿ. ಆ 22ರಲ್ಲಿ ಹೆಡರ್, ಕಾಮನ್, ಕೊನೆಯ ಲಿಂಕ್, ಟಾರ್ ಸೇರಿ 5 ನಿಮಿಷ ಒಬ್ಬರೇ ಮಾಡುವ ಕೆಲಸ ಅಂತಿಟ್ಟುಕೊಳ್ಳಿ. ಉಳಿದ 17 ಹಂಚಬಹುದು. ನಾಲ್ಕು ಕೋರ್‌ಗೆ ಹಂಚಿದರೆ ನಾಲ್ಕೂ ಕಾಲು, ಒಟ್ಟು ಒಂಬತ್ತೂ ಕಾಲು ನಿಮಿಷ. ನೀವು ಆಗಲೇ ಅಲ್ಲಿ ಇದ್ದೀರಿ. 100 ಕೋರ್ ತಂದರೂ ಆ 5 ನಿಮಿಷದ ಕೆಳಗೆ ಇಳಿಯುವುದಿಲ್ಲ. ಇದನ್ನು ಜೀನ್ ಆಮ್‌ಡಾಲ್ 1967ರಲ್ಲೇ ಹೇಳಿದ್ದರು, ಅವರ ಹೆಸರಲ್ಲೇ ನಿಯಮ ಇದೆ. ನಮ್ಮ ಓಣಿಯ ಯೂನಿಟ್‌ನಲ್ಲಿ ಎಷ್ಟು ಮಶೀನ್ ಜಾಸ್ತಿ ಮಾಡಿದರೂ ಮಾಲೆಲ್ಲ ಒಬ್ಬ ಮಾಸ್ಟರ್‌ನ ಕತ್ತರಿ ದಾಟಿಯೇ ಬರಬೇಕಲ್ವಾ.

ಬದಲಿಗೆ ಕ್ಲೀನ್ ತೆಗೆದುಹಾಕುವ ಹಾಗೆ ಮಾಡಿ. ಜಿಸಿಸಿ ಕಂಪೈಲರ್‌ಗೆ -ಎಂಎಂಡಿ -ಎಂಪಿ ಕೊಟ್ಟರೆ ಪ್ರತಿ ಸೋರ್ಸ್ ಫೈಲ್ ಯಾವ ಯಾವ ಹೆಡರ್ ಬಳಸಿತು ಅಂತ ಪಟ್ಟಿ ತಾನೇ ಬರೆದಿಡುತ್ತದೆ. ಆ ಪಟ್ಟಿಗಳನ್ನು ಮೇಕ್‌ಫೈಲ್ ಕೊನೆಯಲ್ಲಿ ಇನ್‌ಕ್ಲೂಡ್ ಮಾಡಿ, ಮುಂದೆ ಒಂದು ಮೈನಸ್ ಹಾಕಿ, ಮೊದಲ ಸಲ ಫೈಲ್ ಇಲ್ಲದಿದ್ದರೂ ಜಗಳ ಆಡದಿರಲಿ. ಈಗ ಹೆಡರ್ ಬದಲಾದರೆ ಅದನ್ನು ಬಳಸುವವರು ಮಾತ್ರ ಮತ್ತೆ ಕಂಪೈಲ್ ಆಗುತ್ತಾರೆ.

ಆದರೆ ಇಲ್ಲೂ ವರ್ಷನ್.ಎಚ್ ಅಡ್ಡ ಬರುತ್ತದೆ. ಅದರಲ್ಲಿ ಬಿಲ್ಡ್ ಆದ ದಿನ, ಗಂಟೆ, ನಿಮಿಷ ಹಾಕಿದ್ದೀರಾ? ಹಾಕಿದ್ದರೆ ಪ್ರತಿ ಬಿಲ್ಡ್‌ಗೂ ಆ ಫೈಲ್ ಹೊಸದು, ಅದನ್ನು ಇನ್‌ಕ್ಲೂಡ್ ಮಾಡಿದ ಎಲ್ಲ ಫೈಲ್‌ಗಳೂ ಮತ್ತೆ ಕಂಪೈಲ್, ಅಂದರೆ ಹೆಸರು ಹೇಳದೆ ಮಾಡಿದ ಮೇಕ್ ಕ್ಲೀನ್. ಒಂದು ವರ್ಷನ್.ಸಿಪಿಪಿ ಮಾಡಿ. ದಿನ, ಗಂಟೆ ಅದರೊಳಗೆ ಇರಲಿ, ಹೆಡರ್‌ನಲ್ಲಿ ‘ವರ್ಷನ್ ಕೊಡುವ ಫಂಕ್ಷನ್ ಒಂದಿದೆ’ ಅನ್ನುವ ಒಂದು ಸಾಲು ಸಾಕು. ಹೆಡರ್ ಎಂದೂ ಬದಲಾಗುವುದಿಲ್ಲ, ಪ್ರತಿ ಸಲ ಕಂಪೈಲ್ ಆಗುವುದು ಆ ಒಂದೇ ಪುಟ್ಟ ಫೈಲ್. ಹೆಡರ್ ಅನ್ನು ತಯಾರಿಸುವ ಕೆಲಸವೇ ಇಲ್ಲದ ಮೇಲೆ ನಿಮ್ಮ ಮೊದಲ ತೊಂದರೆಯೂ ಬೇರು ಸಮೇತ ಹೋಯಿತು. ಬಿಲ್ಲಿಂಗ್‌ನಲ್ಲಿ ಹಮಾಲಿ ರೇಟಿನ ಒಂದು ಫೈಲ್ ಬದಲಿಸಿದರೆ ಕಂಪೈಲ್ ಆಗಬೇಕಾದ್ದು ಎರಡು ಫೈಲ್, ಆಮೇಲೆ ಲಿಂಕ್.

ಇದೆಲ್ಲ ಆದ ಮೇಲೂ ಇನ್ನಷ್ಟು ಬೇಕು ಅನಿಸಿದರೆ ಸಿಕ್ಯಾಶ್ ಹಾಕಿಕೊಳ್ಳಿ. ಮೊದಲು ಮಾಡಿದ ಕಂಪೈಲ್ ಮತ್ತೆ ಕೇಳಿದರೆ ಇಟ್ಟುಕೊಂಡದ್ದನ್ನೇ ಎತ್ತಿ ಕೊಡುತ್ತದೆ, ಬ್ರಾಂಚ್ ಬದಲಿಸುವವರಿಗೆ, ಕ್ಲೀನ್ ಬಿಡಲಾರದವರಿಗೆ ದೊಡ್ಡ ಉಪಕಾರ. ಕೋಡ್‌ನಲ್ಲಿ __ಟೈಮ್__ ಥರದ ಮ್ಯಾಕ್ರೋ ಇದ್ದರೆ ಮಾತ್ರ ಅದರ ಲಾಭ ಸಿಗುವುದಿಲ್ಲ. ಲಿಂಕರ್ ಬದಲಿಸಿ ಎಲ್‌ಎಲ್‌ಡಿ ಅಥವಾ ಮೋಲ್ಡ್ ಹಾಕಿದರೆ ಆ ಒಬ್ಬರೇ ಮಾಡುವ 5 ನಿಮಿಷದಲ್ಲಿ ಸ್ವಲ್ಪ ಕಡಿಮೆ ಆಗಬಹುದು, ಆದರೆ ಗಿರಾಕಿಗೆ ಕೊಡುವ ಬಿಲ್ಡ್‌ಗೆ ಬಳಸುವ ಮುಂಚೆ ಒಂದು ವಾರ ನಿಮ್ಮಲ್ಲೇ ಓಡಿಸಿ ನೋಡಿ. ಡಿಸ್ಟ್‌ಸಿಸಿ ಅಂತ ಪಕ್ಕದ ಕಂಪ್ಯೂಟರ್‌ಗಳಿಗೂ ಕೆಲಸ ಹಂಚುವುದಿದೆ, ಎಲ್ಲದರಲ್ಲೂ ಒಂದೇ ವರ್ಷನ್ ಕಂಪೈಲರ್ ಬೇಕು, ನಂಬಿಕೆಯ ನೆಟ್‌ವರ್ಕ್ ಬೇಕು. ಒಂದೇ ಲ್ಯಾಪ್‌ಟಾಪ್ ಇರುವ ನಿಮಗೆ ಆ ಗೊಡವೆ ಬೇಡ.

16 ಜಿಬಿ ರ್‍ಯಾಮ್? ಹಾಕಿಸಿ, ತಪ್ಪೇನಿಲ್ಲ, ಬ್ರೌಸರ್ ತೆರೆದಿಟ್ಟು -ಜೆ6 ಓಡಿಸಬಹುದು. ಆದರೆ ಇದೆಲ್ಲ ಮಾಡಿ ಒಂದು ವಾರ ನೋಡಿದ ಮೇಲೆ ಹಾಕಿಸಿ. ಈಗಲೇ ಹಾಕಿಸಿದರೆ ಕಿಲ್ಡ್ ಅಪರೂಪ ಆಗುತ್ತದೆ, ವರ್ಷನ್.ಎಚ್ ತಪ್ಪು ಹಾಗೇ ಉಳಿಯುತ್ತದೆ, ಅದನ್ನು ಹಿಡಿಯುವುದು ಇನ್ನೂ ಕಷ್ಟ ಆಗುತ್ತದೆ.

ಇವತ್ತು ರಾತ್ರಿಯೇ ಕೂರುವುದಾದರೆ ರಿಲೀಸ್ ಖಾಲಿ ಮಾಡುವ ಸಾಲು, ಒಂದೊಂದು ನಂಬರಿಗೂ ವೇಟ್, ಒಳಗಿನ -ಜೆ8 ತೆಗೆಯುವುದು, ಇಷ್ಟು ಮಾಡಿ ಮಲಗಿ. ದೊಡ್ಡ ಮೇಕ್‌ಫೈಲ್ ಒಂದು ಭಾನುವಾರದ ಕೆಲಸ. ಮುಂದಿನ ಸಲ ಕಾರಟಗಿಗೆ ಹೊರಡುವ ಮುಂಚೆ ಟಾರ್ ಬಿಚ್ಚಿ, ಒಳಗಿನ ಪ್ರೋಗ್ರಾಮ್ ಓಡಿಸಿ ಅದು ಹೇಳುವ ದಿನ, ಗಂಟೆ ಓದಿಕೊಂಡು ಹೋಗಿ. -ಜೆ4 ಇಟ್ಟೂ ‘ಕಿಲ್ಡ್’ ಬಂದರೆ ಆ ಮ್ಯಾಕ್ಸಿಮಮ್ ರೆಸಿಡೆಂಟ್ ಸಾಲು ಮತ್ತು ಡಿಮೆಸೇಜ್‌ನ ಕೊನೆಯ ಹತ್ತು ಸಾಲು ಬರೆದು ಕಳಿಸಿ, ನೋಡೋಣ.